ಮಾಲೆ ಇಳಿಸಿದ ಮರುದಿನ

ನಮ್ಮ ಕಡೆಯ ಅಡಿಕೆ ತೋಟಗಳಿಗೆ ಬೇಲಿ ಸರಿಯಾಗಿಲ್ಲದಿದ್ದರೂ ಬೋರ್ಡು ಮಾತ್ರ ಸರಿಯಾಗಿರುತ್ತದೆ. ಸಿಗಂದೂರು ಚೌಡಮ್ಮನ ಕಾವಲಿದೆ, ಹುಷಾರು ಎಂಬ ತಾತ್ಪರ್ಯದ ಬೋರ್ಡು. ಸಾಗರದಿಂದ ಹೊಸನಗರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಸಾಕು, ತೋಟಕ್ಕೊಂದು, ಪಂಪ್‌ಸೆಟ್ಟಿನ ಗೂಡಿಗೊಂದು, ಅಡಿಕೆ ಒಣಗಿಸುವ ಅಂಗಳಕ್ಕೊಂದು, ಪಾಯ ಹಾಕಿ ದುಡ್ಡು ಸಾಲದೆ ಬಿಟ್ಟ ಮನೆಗೂ ಒಂದು. ಠಾಣೆಗೆ ಹೆದರದ ಕಳ್ಳನೂ ಆ ತಗಡಿಗೆ ಹೆದರುತ್ತಾನೆ ಎಂಬ ನಂಬಿಕೆ. ಸುಳ್ಳಿರಲಿಕ್ಕಿಲ್ಲ. ಅಮ್ಮನವರ ಹೆಸರು ಕಂಡರೆ ಕೈ ಹಿಂದೆಗೆಯುವಷ್ಟು ಭಯಭಕ್ತಿ ನಮ್ಮ ಕಳ್ಳರಲ್ಲಿ ಇನ್ನೂ ಉಳಿದಿದೆ.

ಇಂಥದೊಂದು ಬೋರ್ಡನ್ನು ನನ್ನ ನಾಲಿಗೆಯ ತುದಿಗೂ ನೇತುಹಾಕುವಂತಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ತೋಟಕ್ಕೆ ನುಗ್ಗುವವನು ಬೇಲಿಯ ಆಚೆಯಿಂದ ಬರುತ್ತಾನೆ, ಕಾಯಬಹುದು. ಸಿಟ್ಟು ಮನೆಯೊಳಗಿನಿಂದಲೇ ಎದ್ದು ಬರುವ ಗಿರಾಕಿ. ಅವನಿಗೆ ಬೋರ್ಡು ಕಾಣುವುದು ಬೆನ್ನ ಕಡೆಯಿಂದ.

ಸಿಗಂದೂರಿಗೆ ಹೋಗುವವರಿಗೆ ಮೊದಲೆಲ್ಲ ಲಾಂಚ್ ಎಂಬುದೊಂದಿತ್ತು. ಲಿಂಗನಮಕ್ಕಿಯ ಹಿನ್ನೀರು ಊರುಗಳನ್ನು ನುಂಗಿದ ಮೇಲೆ ತುಮರಿ ಕಡೆಯವರಿಗೆ ಅದೇ ರಸ್ತೆ, ಅದೇ ಸೇತುವೆ. ಹೊಳೆಬಾಗಿಲಿನಲ್ಲಿ ವಾಹನಗಳ ಸಾಲಿನ ಕೊನೆಗೆ ನಿಂತರೆ ಪಾಳಿ ಬರುವಷ್ಟರಲ್ಲಿ ಮನುಷ್ಯ ಚುರುಮುರಿ ತಿಂದು, ಹಿಂದಿನ ಕಾರಿನವರ ಪೂರ್ವೋತ್ತರ ವಿಚಾರಿಸಿ, ಮಾಡಲು ಬೇರೇನೂ ಉಳಿಯದೆ ತನ್ನ ಬಾಳಿನ ಬಗ್ಗೆಯೂ ಒಂದು ಗಳಿಗೆ ಯೋಚಿಸುತ್ತಿದ್ದ. ಹರಕೆ ಹೇಳಿಕೊಂಡ ಪೂರ್ವಾಪರ, ತಮ್ಮನಿಗೆ ಪಾಲು ಕೊಡದ್ದು, ಎಲ್ಲವೂ ನೀರು ನೋಡುತ್ತ ನೆನಪಾಗುತ್ತಿದ್ದವು. 2025ರ ಜುಲೈಯಲ್ಲಿ ಸೇತುವೆ ಆಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ, ಹಗ್ಗಗಳಲ್ಲಿ ತೂಗುಬಿಟ್ಟಂಥ ಭಾರೀ ಸೇತುವೆ. ದ್ವೀಪದಂಥ ಆ ಕಡೆಯ ಜನ ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಏನು ಮಾಡುವುದೆಂದು ದಶಕಗಟ್ಟಲೆ ಕಂಗಾಲಾಗಿದ್ದವರು. ಅವರಿಗೆ ಇದಕ್ಕಿಂತ ದೊಡ್ಡ ಕೃಪೆ ಬೇರೆ ಬೇಡ. ನಮ್ಮಂಥ ಯಾತ್ರಿಕರಿಗೆ ಮಾತ್ರ ಯೋಚಿಸಲು ಸಿಗುತ್ತಿದ್ದ ಹೊತ್ತು ಕಡಿಮೆಯಾಯಿತು. ನಾಲ್ಕು ಫೋಟೋ ತೆಗೆಯುವಷ್ಟರಲ್ಲಿ ಆಚೆ ದಡ.

ಅಷ್ಟು ದೂರ ಹೋಗಿ ನಾವು ಕೇಳುವುದಾದರೂ ಏನು? ಹೊಸನಗರ ತಾಲೂಕಿನ ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ಎದುರು ಪ್ರಸಾದ ಕೇಳುವ ಪದ್ಧತಿಯುಂಟು. ಮನಸ್ಸಿನಲ್ಲಿ ಕೋರಿಕೆ ಇಟ್ಟುಕೊಂಡು ನಿಂತಾಗ ದೇವಿಯ ಬಲಗಡೆಯಿಂದ ಹೂ ಬಿದ್ದರೆ ಕೆಲಸವಾಯಿತೆಂದು ನಂಬಿಕೆ. ಜೈನರಷ್ಟೇ ಅಲ್ಲ, ಎಲ್ಲ ಜಾತಿಯವರೂ ಬರುತ್ತಾರೆ. ಮಗಳಿಗೆ ಸಂಬಂಧ ಕೂಡಿಬರುತ್ತದೋ, ಕೋರ್ಟಿನಲ್ಲಿರುವ ಗಡಿ ತಕರಾರು ನಮ್ಮ ಕಡೆ ಆಗುತ್ತದೋ, ಕೊಳೆರೋಗ ಈ ವರ್ಷವಾದರೂ ಬಿಡುತ್ತದೋ. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ನನ್ನ ಹೊಟ್ಟೆಕಿಚ್ಚು ಹೋಗುತ್ತದೋ ಎಂದು ಕೇಳಿ ಹೂವಿಗಾಗಿ ಕಾದು ನಿಂತವರನ್ನು ಮಾತ್ರ ನಾನು ಕಂಡಿಲ್ಲ. ಕೇಳಿದ್ದೇ ಆದರೆ ಹೂ ಬೀಳಲು ಸ್ವಲ್ಪ ತಡವಾಗುತ್ತದೋ ಏನೋ.

ಕೇಳದೆಯೇ ಬಂದ ಕೃಪೆಯ ಕತೆಯೂ ನಮ್ಮಲ್ಲಿದೆ. ಕೆಳದಿಯ ಅರಸುಮನೆತನ ಹುಟ್ಟಿದ್ದೇ ಹಾಗೆ. ಹಸುವೊಂದು ಹುತ್ತದ ಮೇಲೆ ಹಾಲು ಸುರಿಸುತ್ತಿತ್ತಂತೆ, ಅಗೆದು ನೋಡಿದರೆ ಲಿಂಗ. ಬೇಸಾಯಗಾರ ಚೌಡಪ್ಪ ಗದ್ದೆಯಲ್ಲಿ ಮಲಗಿ ನಿದ್ದೆ ಹೋದಾಗ ಹಾವು ಬಂದು ಹೆಡೆ ಬಿಚ್ಚಿತಂತೆ, ಆ ಜಾಗದಲ್ಲಿ ನಿಧಿ ಸಿಕ್ಕಿತಂತೆ. 1500ರ ಆಸುಪಾಸಿಗೆ ಅವನು ನಾಯಕನಾದ. ಸೋಮಾರಿಗಳಿಗೆ ಈ ಕತೆ ಬಹಳ ಪ್ರಿಯ. ಊಟವಾದ ಮೇಲೆ ನಾವೂ ಚಾವಡಿಯಲ್ಲಿ ಮಲಗುತ್ತೇವೆ; ನೊಣ ಬಿಟ್ಟರೆ ಬೇರಾರೂ ಬಂದು ಮುಟ್ಟಿದ್ದಿಲ್ಲ. ಆದರೆ ಕತೆಯ ಮುಂದಿನ ಭಾಗವನ್ನು ಹೇಳುವಾಗ ಹಿರಿಯರ ದನಿ ತಗ್ಗುತ್ತದೆ. ನಿಧಿಗೆ ನರಬಲಿ ಬೇಕಿತ್ತು, ಮನೆಯಾಳುಗಳಾದ ಯಾದವ ಮತ್ತು ಮುರಾರಿ ತಾವಾಗಿಯೇ ತಲೆ ಕೊಟ್ಟರು ಎಂಬುದು ಆ ಭಾಗ. ಕೃಪೆ ಬಂದದ್ದು ಒಬ್ಬರಿಗೆ, ಬೆಲೆ ತೆತ್ತವರು ಇನ್ನಿಬ್ಬರು. ಇದನ್ನು ಕೇಳಿದಂದಿನಿಂದ ನನಗೆ ಪುಕ್ಕಟೆ ಕೃಪೆಯ ಮೇಲೆ ಸ್ವಲ್ಪ ಗುಮಾನಿ.

ಹಾಗಾದರೆ ಬೆವರು ಸುರಿಸಿ ಬದಲಾಗುವ ದಾರಿ ಹಿಡಿಯೋಣ. ಅದಕ್ಕೆ ನಮ್ಮ ಸೀಮೆಯಲ್ಲಿ ಈಗ ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ ಅಯ್ಯಪ್ಪನ ಮಾಲೆ. ನವೆಂಬರ್ ನಡುವಿನಲ್ಲಿ ಶುರುವಾಗುವ ಮಂಡಲ, ಲೆಕ್ಕಕ್ಕೆ 41 ದಿನ. ನಮ್ಮ ಅಡಿಕೆ ಕೊಯ್ಲೂ ಆಗಲೇ. ಮರವೇರಿ ಕೊನೆ ಇಳಿಸುವವನನ್ನು ಇಲ್ಲಿ ಕೊನೆಗೌಡ ಎನ್ನುತ್ತೇವೆ. ನಮ್ಮ ತೋಟಕ್ಕೆ ಬರುವ ಕೊನೆಗೌಡನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿದೆ. ಊರು ಇಟ್ಟ ಹೆಸರು ಕ್ವಾಟ್ರು. ಕಾರಣ ವಿವರಿಸಬೇಕಿಲ್ಲ.

ಮಾಲೆ ಹಾಕಿದ ದಿನದಿಂದ ಅವನು ಬೇರೆಯೇ ಮನುಷ್ಯ. ಬೆಳಗಿನ ಜಾವ ಹಳ್ಳದ ನೀರಿನಲ್ಲಿ ಮುಳುಗೆದ್ದು, ಕಪ್ಪು ಪಂಚೆ ಎತ್ತಿ ಕಟ್ಟಿ, ಮಂಜು ಬಿಡುವ ಮೊದಲೇ ತೋಟದಲ್ಲಿ ಹಾಜರು. ಒಂದು ಮರದ ನೆತ್ತಿಯಲ್ಲಿ ಕೂತು ಕತ್ತಿಯಾಡಿಸುತ್ತಾನೆ. ಕೊನೆ ಹಗ್ಗದ ಗುಂಟ ಸರ್ರನೆ ಇಳಿದು ಕೆಳಗೆ ಹಗ್ಗ ಹಿಡಿದು ನಿಂತವನ ಕೈಗೆ ಬರುತ್ತದೆ, ಒಂದು ಕಾಯಿ ಉದುರುವುದಿಲ್ಲ. ಆಮೇಲೆ ಮರವನ್ನು ಜೀಕಿ ಜೀಕಿ ಬಗ್ಗಿಸಿ ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾನೆ, ನೆಲ ಮುಟ್ಟುವುದೇ ಇಲ್ಲ. ಅವನು ದಾಟುವ ಆ ಗಳಿಗೆಯಲ್ಲಿ ಕೆಳಗಿದ್ದವರು ಮಾತು ನಿಲ್ಲಿಸುತ್ತೇವೆ. ಬೇರೆ ದಿನಗಳಲ್ಲಿ ಹಿಂದಿನ ರಾತ್ರಿಯ ಅಮಲು ಇಳಿದಿದೆಯೋ ಇಲ್ಲವೋ ಎಂಬ ಹೆದರಿಕೆಯಿಂದ. ಮಾಲೆಯ ದಿನಗಳಲ್ಲಿ ಬರೀ ಮೆಚ್ಚಿಕೆಯಿಂದ.

ಅವನು ಹೇಗೆ ಬದಲಾದನೆಂದು ಎಲ್ಲರೂ ಆಡಿಕೊಳ್ಳುತ್ತಾರೆ. ನಾವು ಹೇಗೆ ಬದಲಾದೆವೆಂದು ಯಾರೂ ಗಮನಿಸುವುದಿಲ್ಲ. ಅಂಗಳದ ಮೂಲೆಯಲ್ಲಿ ನಿಂತು ಲೋಟ ಹಿಡಿಯುತ್ತಿದ್ದವನಿಗೆ ಜಗಲಿಯ ಮೇಲೆ ಮಣೆ. "ಬನ್ನಿ ಸ್ವಾಮಿ, ಕೂತ್ಕಳಿ. ಕಾಫಿ ಆಗ್ತದಾ, ಕಷಾಯ ಮಾಡ್ಸಲಾ?" ಏಕವಚನದಲ್ಲೇ ಇಡೀ ಜನ್ಮ ಕಳೆದವನಿಗೆ 41 ದಿನ ಬಹುವಚನ. ಅಂಗಡಿಯವನು ಸ್ವಾಮಿ ಎನ್ನುತ್ತಾನೆ, ಬಸ್ಸಿನ ಕಂಡಕ್ಟರು ಸ್ವಾಮಿ ಎನ್ನುತ್ತಾನೆ, ಮನೆಯಲ್ಲಿ ಹೆಂಡತಿಯೂ ಸ್ವಾಮಿ ಎನ್ನುತ್ತಾಳೆ. ಸುತ್ತಲಿನ ಅಷ್ಟೂ ಬಾಯಿ ಸ್ವಾಮಿ ಎನ್ನುವಾಗ ಮನುಷ್ಯ ಸ್ವಾಮಿಯಾಗದೆ ಏನು ಮಾಡಿಯಾನು?

ಶಬರಿಮಲೆಯಿಂದ ಬಂದು ಮಾಲೆ ಇಳಿಸುತ್ತಾನೆ. ಮರುದಿನ ಬೆಳಿಗ್ಗೆ ಹೊಟೇಲಿನ ಬೆಂಚಿನಿಂದ ಮೊದಲ ಮಾತು: "ಹ್ವಾಯ್ ಕ್ವಾಟ್ರು, ಮಾಲೆ ತೆಗ್ದ್ಯನಾ? ಇನ್ನೆಂತ ಅಡ್ಡಿ ಮಾರಾಯ, ಸಂಜಿಗೆ ಹೊರಡು!" ಕೂತವರೆಲ್ಲ ನಗುತ್ತಾರೆ. ಅವನೂ ನಗುತ್ತಾನೆ. ಆ ನಗುವಿನಲ್ಲಿ ಅವನಿಗೆ ತಿರುಗಿ ಹೋಗುವ ದಾರಿಯನ್ನು ಊರೇ ಗುಡಿಸಿ ಸಾರಿಸಿ ಕೊಟ್ಟಾಯಿತು. ಆಮೇಲೆ, "ನೋಡಿ, ನಾಯಿ ಬಾಲ ನಳಿಗೆಯಲ್ಲಿ ಹಾಕಿದರೂ ಡೊಂಕೇ" ಎಂದು ಗಾದೆ ಹೇಳುವವರೂ ಆ ಬೆಂಚಿನವರೇ. ಹೌದು, ಕುಡಿತವೆಂಬುದು ಬರೀ ಸಹವಾಸದ ವಿಷಯವಲ್ಲ, ಮೈಗಂಟಿದ ಕಾಯಿಲೆ. ಡಾಕ್ಟರೂ ಬೇಕು, ಮದ್ದೂ ಬೇಕು. ಆದರೆ ಆಸ್ಪತ್ರೆಯಿಂದ ಬಂದವನೂ ಮರುದಿನ ಇದೇ ಬೆಂಚಿನ ಎದುರಿನಿಂದಲೇ ಹಾದು ಹೋಗಬೇಕಲ್ಲ.

ಬದಲಾಗಲು ಬಿಡದ ಈ ಗುಣ ಹೊಟೇಲಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಪ್ರತಿ ಯುಗಾದಿಗೆ ಬೇವುಬೆಲ್ಲದ ಜೊತೆ ನಾನೂ ಒಂದು ಸಂಕಲ್ಪ ನುಂಗುವವನು: ಸಿಟ್ಟು ಕಡಿಮೆ ಮಾಡುವುದು, ಕವಳಕ್ಕೆ ಹೊಗೆಸೊಪ್ಪು ಬಿಡುವುದು. ಒಮ್ಮೆ ಹೀಗೇ, ತಣ್ಣಗಾದ ಕಾಫಿ ಬಂತು. ಚಕಾರವೆತ್ತದೆ ಕುಡಿದೆ. ಪೇಪರಿನ ನಡುವಿನ ಹಾಳೆ ಇರಲಿಲ್ಲ. ಅದನ್ನೂ ಕೇಳಲಿಲ್ಲ. ಒಳಗಿಂದ ಹೆಂಡತಿ ಬಂದು ಮುಖ ನೋಡಿ, "ಎಂತ ಆತು? ಆರಾಮಿಲ್ಯಾ?" ಎಂದಳು. ಏನಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಮಗಳಿಗೆ ಫೋನು ಹೋಯಿತು. ಅಪ್ಪಯ್ಯನ ಬಿಪಿ ನೋಡಿಸಲು ಅಲ್ಲಿಂದ ಅಪ್ಪಣೆ ಬಂತು. ಪಕ್ಕದ ಮನೆಯ ಭಾವ ವಿಷಯ ತಿಳಿದು ಬ್ಯಾಟರಿ ಹಿಡಿದುಕೊಂಡು ನೋಡಿ ಹೋಗಲು ಬಂದರು. ನಾನು ಆರೋಗ್ಯವಾಗಿದ್ದೇನೆಂದು ಎಲ್ಲರಿಗೂ ಖಾತ್ರಿಯಾದದ್ದು ನಾನು ಎದ್ದು ನಿಂತು ಕೂಗಾಡಿದ ಮೇಲೆಯೇ. "ಈಗ ಸರಿ ಆತು" ಎಂದು ಭಾವ ನಿರಾಳವಾಗಿ ಕವಳದ ಬಟ್ಟಲು ಮುಂದೆ ತಳ್ಳಿದರು. ಹೊಗೆಸೊಪ್ಪೂ ಅದರಲ್ಲೇ ಇತ್ತು.

ಇಕ್ಕೇರಿಗೆ ಹೋದವರು ಅಘೋರೇಶ್ವರ ದೇವಸ್ಥಾನದ ಎತ್ತರ, ಎದುರಿನ ನಂದಿ, ಕಲ್ಲಿನ ಕೆತ್ತನೆ ನೋಡಿ ಬೆರಗಾಗುತ್ತಾರೆ. ಸ್ವಲ್ಪ ತಲೆ ತಗ್ಗಿಸಿ ನೆಲವನ್ನೂ ನೋಡಬೇಕು. ನೆಲಗಲ್ಲಿನ ಮೇಲೆ ದೇವರ ಕಡೆಗೆ ಸಾಷ್ಟಾಂಗ ಬಿದ್ದ ಮೂವರು ಕೆಳದಿ ಅರಸರ ಉಬ್ಬುಚಿತ್ರಗಳಿವೆ, ತಲೆಯ ಬಳಿ ಹೆಸರು ಕೊರೆದಿದೆ. ಗೋಡೆಯ ಮೇಲೆ ಕುದುರೆಯೇರಿ ಕೂರಬಹುದಾಗಿದ್ದ ದೊರೆಗಳು ಬಂದುಹೋಗುವವರ ಪಾದದೂಳು ಬೀಳುವ ಜಾಗದಲ್ಲಿ ಮಲಗಿದ್ದಾರೆ. ಅವರಲ್ಲೊಬ್ಬನ ಕೈಕಾಲಿಗೆ ಕೋಳ. ಮೈಸೂರು ಗ್ಯಾಸೆಟಿಯರ್ ಬರೆದ ಬಿ.ಎಲ್. ರೈಸ್ ಅವನನ್ನು ಹುಚ್ಚ ಸೋಮಶೇಖರನೆಂದು ದಾಖಲಿಸಿದ್ದಾರೆ.

ಆ ಕೋಳದ ಚಿತ್ರ ನನ್ನನ್ನು ಬಹಳ ಕಾಡಿದೆ. ಬುದ್ಧಿ ಸರಿಯಾದ ಮೇಲೆ ಬಾ, ಕೋಳ ಬಿಚ್ಚಿಸಿಕೊಂಡು ಬಾ ಎಂದು ಅಘೋರೇಶ್ವರ ಹೇಳಲಿಲ್ಲ. ಇದ್ದ ಸ್ಥಿತಿಯಲ್ಲೇ ಬಂದು ಅಡ್ಡಬಿದ್ದ, ಬುದ್ಧಿ ನೆಟ್ಟಗಿದ್ದ ಅರಸರ ಸಾಲಿನಲ್ಲೇ ಅವನಿಗೂ ಜಾಗವಾಯಿತು. ದೇವರ ಕಡೆಯಿಂದ ತಕರಾರಿಲ್ಲ. ಹುಚ್ಚ ಎಂಬ ಅಡ್ಡಹೆಸರನ್ನು ಮಾತ್ರ ಊರು ಬಿಡಲಿಲ್ಲ. ಶತಮಾನಗಳು ಕಳೆದು, ರಾಜ್ಯ ಹೋಗಿ, 1763ರಲ್ಲಿ ರಾಜಧಾನಿ ಬಿದನೂರು ಹೈದರನ ಕೈಸೇರಿ, ಅರಮನೆಗಳು ಮಣ್ಣಾದರೂ ಆ ಒಂದು ಮಾತು ಹಾಗೆಯೇ ನಿಂತಿದೆ. ದೇವರ ಕೃಪೆಗೂ ಊರಿನ ಕೃಪೆಗೂ ಇರುವ ಅಂತರ ಇಷ್ಟೇ. ಒಂದು ಕೇಳಿದರೆ ಸಿಗಬಹುದು. ಇನ್ನೊಂದನ್ನು ಕೇಳಬೇಕೆಂದು ಯಾರಿಗೂ ಹೊಳೆಯುವುದೇ ಇಲ್ಲ.

ಊರಿನ ಬಾಯಿಗೆ ಹೆದರಿ ಕೆಟ್ಟವರಲ್ಲಿ ರಾವಣನೂ ಒಬ್ಬನೆಂದು ನಮ್ಮ ನಾಗಚಂದ್ರ ಬರೆದಿಟ್ಟಿದ್ದಾನೆ. ಎಂಟೊಂಬತ್ತು ನೂರು ವರ್ಷ ಹಿಂದಿನ ಜೈನ ಕವಿ. ಅವನ ರಾಮಚಂದ್ರಚರಿತಪುರಾಣದಲ್ಲಿ ಸೀತೆಯ ನಿಷ್ಠೆ ಕಂಡು ರಾವಣನ ಮನಸ್ಸು ತಿಳಿಯಾಗುತ್ತದೆ. ಅವಳನ್ನು ಒಪ್ಪಿಸಿಬಿಡಬೇಕೆಂದೇ ಅನ್ನಿಸುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಬಿಟ್ಟನೆಂದು ಲೋಕ ಆಡಿಕೊಳ್ಳುವುದಿಲ್ಲವೇ? ಮೊದಲು ಯುದ್ಧದಲ್ಲಿ ಗೆಲ್ಲುತ್ತೇನೆ, ಆಮೇಲೆ ಕೊಡುತ್ತೇನೆ ಎಂದು ಹೊರಡುತ್ತಾನೆ. ಬದಲಾದ ಮನಸ್ಸು ಹೊತ್ತುಕೊಂಡೇ ಹಳೆಯ ಯುದ್ಧಕ್ಕೆ ಹೋಗಿ ಸತ್ತ. ಲಂಕೆಯ ಹೊಟೇಲಿನ ಬೆಂಚಿನಲ್ಲಿ ಯಾರಾದರೂ ಒಬ್ಬರು "ಕೊಟ್ಟುಬಿಡಪ್ಪ, ನಾವೇನೂ ಅನ್ನುವುದಿಲ್ಲ" ಎಂದಿದ್ದರೆ ಒಂದು ಯುದ್ಧ ಉಳಿಯುತ್ತಿತ್ತು.

ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕುವೆಂಪು ಇನ್ನೂ ಮುಂದೆ ಹೋದರು. 1949ರಲ್ಲಿ ಹೊರಬಂದ ಅವರ ಶ್ರೀ ರಾಮಾಯಣ ದರ್ಶನಂನಲ್ಲಿ ರಾವಣ ಸೀತೆಯನ್ನು ತಾಯಿಯಾಗಿ ಕಾಣುವಲ್ಲಿಗೆ ಬರುತ್ತಾನೆ. ಎಂಥ ಪಾಪಿಗೂ ಮೇಲೇಳುವ ದಾರಿಯುಂಟು ಎಂಬುದು ಆ ಕಾವ್ಯದ ಜೀವ. ಅದೇ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರಿಗೆ ಅಷ್ಟು ಭರವಸೆಯಿಲ್ಲ. 1965ರ ಸಂಸ್ಕಾರದ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಹೊರಟು, ಬೇರೆ ಮನುಷ್ಯನಾಗುವ ಆಸೆಯಿಂದ ಮೇಳಿಗೆಯ ತೇರಿನ ಜಾತ್ರೆಯಲ್ಲಿ ತಿರುಗುತ್ತಾರೆ. ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಅಲ್ಲಿ ಗುರುತಿನವನೊಬ್ಬ ಸಿಕ್ಕಿ, ನೀವು ಇಂಥವರಲ್ಲವೇ ಎನ್ನುತ್ತಾನೆ. ಎಲೆಯ ಮುಂದಿನಿಂದ ಎದ್ದು ಓಡಬೇಕಾಗುತ್ತದೆ. ಆ ಗುರುತಿನವನ ಮನಸ್ಸಿನಲ್ಲಿ ಕೇಡಿರಲಿಲ್ಲ, ಬರೀ ಗೌರವವಿತ್ತು. ಆದರೂ ಅದು ಅಷ್ಟೇ ಬಿಗಿಯಾಗಿ ಹಿಡಿಯಿತು. ಒಬ್ಬನನ್ನು ಹಳೆಯ ಜಾಗಕ್ಕೆ ಕಟ್ಟಿಹಾಕಲು ಅಡ್ಡಹೆಸರೇ ಬೇಕೆಂದಿಲ್ಲ, ಬಿರುದೂ ಸಾಕು.

ಹಳೆಯ ಲೆಕ್ಕ ತೆಗೆಯದೆ ಒಬ್ಬರನ್ನು ಒಳಗೆ ಕರೆದುಕೊಳ್ಳುವುದು ಈ ನೆಲಕ್ಕೆ ಗೊತ್ತೇ ಇಲ್ಲದ ವಿದ್ಯೆಯಲ್ಲ. 1665ರಲ್ಲಿ ಶಿವಾಜಿಯ ದಂಡು ಸಮುದ್ರದ ಮೇಲೆ ಬಂದು ಕೆಳದಿ ಸೀಮೆಯ ಬಂದರು ಬಸರೂರನ್ನು ಸೂರೆ ಮಾಡಿತ್ತು. ಸುಮಾರು ಕಾಲು ಶತಮಾನ ಕಳೆದು ಶಿವಾಜಿಯ ಮಗ ರಾಜಾರಾಮ, ಬೆನ್ನಟ್ಟಿದ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ಚೆನ್ನಮ್ಮನ ಮೊರೆ ಹೊಕ್ಕ. ಬಸರೂರಿನ ನಷ್ಟದ ಪಟ್ಟಿ ತೆಗೆಯಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ರಾಣಿ ತೆಗೆಯಲಿಲ್ಲ. ಅವನನ್ನು ಕಾಪಾಡಿ ಸಾಗಹಾಕಿದಳು, ಅದಕ್ಕಾಗಿ ಔರಂಗಜೇಬನ ಸೈನ್ಯವನ್ನೂ ಎದುರು ಹಾಕಿಕೊಂಡಳು. ಇದನ್ನು ಶೌರ್ಯವೆಂದು ಶಾಲೆಯಲ್ಲಿ ಓದಿದ್ದೇವೆ. ಶೌರ್ಯ ಯುದ್ಧದಲ್ಲಿತ್ತು, ಅದಕ್ಕೂ ಮೊದಲು ಹಳೆಯ ಕಡತ ಮುಚ್ಚಿದ್ದು ದೊಡ್ಡ ಮನಸ್ಸು.

ನಾವು ಕಡತ ಮುಚ್ಚುವವರಲ್ಲ. ನಮ್ಮ ತಪ್ಪಿಗಾದರೆ ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಸುತ್ತಿ ತಪ್ಪು ಕಾಣಿಕೆಯೆಂದು ದೇವರ ಗೂಡಿನಲ್ಲಿಟ್ಟರೆ ಮುಗಿಯಿತು, ಆ ರಾತ್ರಿ ಸುಖನಿದ್ರೆ. ಬೇರೆಯವರ ತಪ್ಪಿಗೆ ಲಕ್ಷ ರೂಪಾಯಿಯ ಪ್ರಾಯಶ್ಚಿತ್ತವೂ ಸಾಲದು. ಇದನ್ನು ನೆನೆದಾಗಲೆಲ್ಲ ನನಗೆ ಕಾಗೋಡು ಕಣ್ಣಮುಂದೆ ಬರುತ್ತದೆ. 1951ರಲ್ಲಿ ಸಾಗರ ತಾಲೂಕಿನ ಆ ಹಳ್ಳಿಯ ಗೇಣಿದಾರರು ಎದ್ದು ನಿಂತದ್ದು ಕೊಳಗದ ಜಗಳದಿಂದ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರ ಮನೆಯಲ್ಲಿದ್ದ ಕೊಳಗ, ರೂಢಿಯ ಕೊಳಗಕ್ಕಿಂತ ದೊಡ್ಡದು. ಎಲ್ಲರಿಗೂ ಒಂದೇ ಕೊಳಗವಿರಲಿ ಎಂದು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ರೈತರು ಕೇಳಿದರು. ರಾಮಮನೋಹರ ಲೋಹಿಯಾ ಉತ್ತರದಿಂದ ಬಂದು ಇಲ್ಲಿ ಸೆರೆಯಾದರು. ಒಡೆಯರ ಮನಸ್ಸು ತಾನಾಗಿ ಕರಗಲಿ ಎಂದು ಗೇಣಿದಾರರು ಕಾಯುತ್ತ ಕೂರಲಿಲ್ಲ. ಕೂತಿದ್ದರೆ ಇಂದಿಗೂ ಕೂತೇ ಇರುತ್ತಿದ್ದರು. ಹೋರಾಟದಿಂದ, ಆಮೇಲೆ ಬಂದ ಭೂಸುಧಾರಣೆಯ ಕಾನೂನಿನಿಂದ ಭತ್ತದ ಕೊಳಗ ನೆಟ್ಟಗಾಯಿತು. ಗುಣದೋಷ ಅಳೆಯುವ ಎರಡು ಕೊಳಗಗಳನ್ನು ಮಾತ್ರ ಜಾತಿಭೇದವಿಲ್ಲದೆ ಎಲ್ಲರೂ ಮನೆಯಲ್ಲಿ ಜೋಪಾನ ಮಾಡಿದ್ದೇವೆ. ನಾನು ಒಂದು ದಿನ ಸಿಟ್ಟು ತಡೆದರೆ ಅದು ರಾಶಿ ರಾಶಿ ಸಾಧನೆ. ಕೊನೆಗೌಡ ಮಂಡಲವಿಡೀ ಕುಡಿಯದಿದ್ದದ್ದು ಕೊಳಗದ ತಳಕ್ಕೂ ಸಾಲದು.

ಸಾಗರದ ಹತ್ತಿರದ ವರದಹಳ್ಳಿಗೆ ಹೋದರೆ ಬೇರೆಯೇ ಪಾಠ. ಶ್ರೀಧರ ಸ್ವಾಮಿಗಳು 1908ರಲ್ಲಿ ಕಲಬುರಗಿ ಸೀಮೆಯಲ್ಲಿ ಹುಟ್ಟಿ, ಮಹಾರಾಷ್ಟ್ರದ ಸಜ್ಜನಗಡದಲ್ಲಿ ಸಾಧನೆ ಮಾಡಿ, ಕೊನೆಗೆ ನಮ್ಮ ಈ ಮಳೆಕಾಡಿನ ಗುಡ್ಡವನ್ನು ಮೆಚ್ಚಿಕೊಂಡರು. 1973ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಕೊನೆಯ ವರ್ಷಗಳಲ್ಲಿ ದೀರ್ಘ ಏಕಾಂತ. ಇದೊಂದು ವಿಚಿತ್ರ. ತಿದ್ದಿಕೊಳ್ಳಬೇಕಾದವರೆಲ್ಲ ಬಾಗಿಲ ಹೊರಗೆ ತೆಂಗಿನಕಾಯಿ ಹಿಡಿದು ನಿಂತಿದ್ದರು, ಯಾರಿಗೆ ತಿದ್ದಿಕೊಳ್ಳಲು ಏನೂ ಉಳಿದಿಲ್ಲವೆಂದು ನಾವು ನಂಬಿದ್ದೆವೋ ಅವರು ಒಳಗೆ ತಪಸ್ಸಿಗೆ ಕೂತಿದ್ದರು. ಕೃಪೆಯನ್ನು ಕೊಡುವವರು ಇಷ್ಟು ದುಡಿಯುವಾಗ ಬೇಡುವವರು ಸ್ವಲ್ಪವಾದರೂ ಕೈ ಅಲ್ಲಾಡಿಸಬೇಡವೇ?

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ತುಂಗೆ ಮೀಯಲು ನೂಕುನುಗ್ಗಲು. ಪರಶುರಾಮ ತಂದೆಯ ಮಾತಿಗೆ ತಾಯಿಯ ತಲೆ ಕಡಿದ. ತಂದೆ ಕೊಟ್ಟ ವರದಲ್ಲಿ ತಾಯಿಯನ್ನು ಬದುಕಿಸಿಯೂ ಕೊಂಡ. ಆದರೂ ಕೊಡಲಿಯ ರಕ್ತ ಎಲ್ಲಿ ತೊಳೆದರೂ ಹೋಗದೆ, ಕೊನೆಗೆ ಎಳ್ಳಿನಷ್ಟು ಉಳಿದ ಕಲೆ ಇಲ್ಲಿ ತೊಳೆದುಹೋಯಿತೆಂದು ಜನ ಹೇಳುತ್ತಾರೆ. ಸತ್ತವಳೇ ಎದ್ದು ಬಂದ ಮೇಲೂ ಕಲೆ ಉಳಿಯಿತಲ್ಲ! ಕ್ಷಮೆ ಒಂದೇ ಗಳಿಗೆಯಲ್ಲಿ ಸಿಕ್ಕಿತು, ತೊಳೆಯಲು ಊರೂರು ಅಲೆಯಬೇಕಾಯಿತು. ಅದರಲ್ಲೂ ಕೊನೆಯ ಎಳ್ಳಷ್ಟು ಕಲೆಯೇ ಎಲ್ಲಕ್ಕಿಂತ ಮೊಂಡು. ಹೊಗೆಸೊಪ್ಪು ಬಿಟ್ಟವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಡಿಸೆಂಬರ್ ಜನವರಿಯ ಆ ಚಳಿಯಲ್ಲಿ ರಾಮತೀರ್ಥದ ಬಂಡೆಗಳ ನಡುವೆ ನಡುಗುತ್ತ ಇಳಿಯುವವರನ್ನು ನೋಡಬೇಕು. ಸಾಲಗಾರನ ಪಕ್ಕದಲ್ಲಿ ಸಾಲ ಕೊಟ್ಟವನು, ಅತ್ತೆಯ ಪಕ್ಕದಲ್ಲಿ ಸೊಸೆ. ನೀನೆಂಥ ಪಾಪ ತೊಳೆಯಲು ಬಂದೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ತಮಗೂ ಉತ್ತರ ಹೇಳುವ ಪಾಳಿ ಬರುತ್ತದಲ್ಲ. ಮರುದಿನ ತೇರು, ಅದರ ಮರುದಿನ ತೆಪ್ಪೋತ್ಸವ, ನಡುವೆ ಬೆಂಡು ಬತ್ತಾಸು. ಒಂದಿಷ್ಟು ಹೊತ್ತು ಎಲ್ಲರೂ ಎಲ್ಲರನ್ನೂ ಸುಮ್ಮನೆ ಬಿಟ್ಟಿರುತ್ತಾರೆ. ನೀರಿಗೆ ಪಾಪ ತೊಳೆಯುವ ಶಕ್ತಿಯಿದೆಯೋ ಇಲ್ಲವೋ ನಾನು ವಾದಿಸಲಾರೆ. ಹೀಗೆ ಕೇಳದೆ ಬಿಡುವ ಜನರ ನಡುವೆ ಮುಳುಗೆದ್ದರೆ ಅರ್ಧ ಭಾರವಂತೂ ಇಳಿಯುತ್ತದೆ.

ಇಷ್ಟೆಲ್ಲ ತಲೆಗೆ ಹೊಕ್ಕ ಮೇಲೆ ನಾನು ಮಾಡಿದ ಒಂದೇ ಒಂದು ಕೆಲಸವೆಂದರೆ ಕೊನೆಗೌಡನನ್ನು ಅವನ ನಿಜವಾದ ಹೆಸರು ಹಿಡಿದು ಕರೆದದ್ದು, ಕೊನೆಗೆ ಒಂದು "ಬನ್ನಿ" ಸೇರಿಸಿ. ಮಾಲೆಯಿಲ್ಲದ ತಿಂಗಳು. ಅವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ, ಬೇರೆ ಯಾರೋ ಬಂದಿದ್ದಾರೆಂದು. ಯಾರೂ ಇರಲಿಲ್ಲ. ಆಮೇಲೆ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತ ಹತ್ತಿರ ಬಂದು ಕೇಳಿದ:

"ಎಂತಾ ಹೆಗಡೇರೆ, ಈ ಸಲ ಕೂಲಿ ಕಮ್ಮಿ ಮಾಡೋ ಅಂದಾಜಾ?"

ಕೂಲಿ ಕಮ್ಮಿ ಮಾಡಲಿಲ್ಲ, ಹೆಸರನ್ನೂ ಬಿಡಲಿಲ್ಲ. ಅನುಮಾನ ಮಾತ್ರ ಅವನಿಗೆ ಇನ್ನೂ ಪೂರ್ತಿ ಹೋಗಿಲ್ಲ. ನಾನು ಬದಲಾಗಿದ್ದೇನೆಂದು ನಂಬಲು ಅವನಿಗೂ ಕಷ್ಟವೇ. ಈ ವರ್ಷವೂ ಮಾಲೆ ಹಾಕುತ್ತಾನಂತೆ. 41 ದಿನದ ಜವಾಬ್ದಾರಿ ಅವನದು, ಅಯ್ಯಪ್ಪನದು. ನಲವತ್ತೆರಡನೆಯ ದಿನದ್ದು ಹೊಟೇಲಿನ ಬೆಂಚಿನದು.